ಐವತ್ತೋ, ಹದಿನಾಲ್ಕೋ? ಒಂದು ಸಿಡಿ34 ಎಣಿಕೆಯ ಪ್ರಕರಣ

ಶಹಾಪುರ ತಾಲ್ಲೂಕಿನ ಈ ರೈತರಿಗೆ 54 ವರ್ಷ, ತೂಕ 58 ಕಿಲೋ. ಬೆನ್ನುನೋವಿಗೆ ಎಣ್ಣೆ ತಿಕ್ಕಿಸಿಕೊಂಡು, ಮಾತ್ರೆ ನುಂಗಿ ಬಹಳ ದಿನ ದೂಡಿದ ಮೇಲೆ ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಕುಸಿದದ್ದು ಕಂಡಿತು. ತಪಾಸಣೆ ಮುಂದುವರಿದಾಗ ಮಲ್ಟಿಪಲ್ ಮೈಲೋಮಾ ಎಂದು ಗೊತ್ತಾಯಿತು. ಮಜ್ಜೆಯಲ್ಲಿದ್ದು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳೇ ಕ್ಯಾನ್ಸರಾಗಿ ತಿರುಗುವ ಕಾಯಿಲೆ ಇದು. ಬೊರ್ಟೆಜೊಮಿಬ್, ಲೆನಾಲಿಡೊಮೈಡ್, ಡೆಕ್ಸಾಮೆಥಾಸೋನ್ ಮೂರನ್ನೂ ಸೇರಿಸಿ ಕೊಟ್ಟರು, ಕಾಯಿಲೆ ಚೆನ್ನಾಗಿಯೇ ಇಳಿಯಿತು. ನಾಲ್ಕು ಸುತ್ತು ಮುಗಿದ ಕೂಡಲೇ ಸ್ಟೆಮ್ ಸೆಲ್, ಅಂದರೆ ಎಲ್ಲ ಬಗೆಯ ರಕ್ತ ಹುಟ್ಟಿಸುವ ಮೂಲಕೋಶಗಳ ಸಂಗ್ರಹಕ್ಕೆ ಬರಬೇಕಿತ್ತು. ಅದೇ ಹೊತ್ತಿಗೆ ತೊಗರಿ ರಾಶಿ ಬಂತು. ರಾಶಿ, ಮಾರಾಟ, ಸಾಲದ ಲೆಕ್ಕ ಎಲ್ಲ ಮುಗಿಸಿ ಬರುವಷ್ಟರಲ್ಲಿ ಆರು ಸುತ್ತಾಗಿತ್ತು. ಲೆನಾಲಿಡೊಮೈಡ್ ಹೆಚ್ಚು ಸುತ್ತು ತೆಗೆದುಕೊಂಡಷ್ಟೂ ಮಜ್ಜೆಯಿಂದ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುವುದು ಕಷ್ಟವಾಗುತ್ತದೆ. ಆ ಎರಡು ಹೆಚ್ಚುವರಿ ಸುತ್ತುಗಳು ಈ ಪ್ರಕರಣದ ಉದ್ದಕ್ಕೂ ನೆನಪಿನಲ್ಲಿರಲಿ.

ಕಸಿ ಆಗಬೇಕಿದ್ದದ್ದು ಹೈದರಾಬಾದಿನಲ್ಲಿ. ರೋಗಿಯ ಸ್ವಂತ ಸ್ಟೆಮ್ ಸೆಲ್‌ಗಳನ್ನೇ ತೆಗೆದಿಟ್ಟು, ಮೆಲ್ಫಲಾನ್ ಎಂಬ ಔಷಧಿಯ ಭಾರೀ ಪ್ರಮಾಣದಿಂದ ಮಜ್ಜೆಯನ್ನು ಖಾಲಿ ಮಾಡಿ, ತೆಗೆದಿಟ್ಟದ್ದನ್ನು ಮತ್ತೆ ರಕ್ತಕ್ಕೆ ಬಿಡುವುದು ಯೋಜನೆ. ಅಷ್ಟು ದಿನ ಹೈದರಾಬಾದಿನಲ್ಲಿ ಮನೆ ಹಿಡಿದಿರುವುದು ಕುಟುಂಬಕ್ಕೆ ಭಾರ. ಆದ್ದರಿಂದ ಸ್ಟೆಮ್ ಸೆಲ್‌ಗಳನ್ನು ಮಜ್ಜೆಯಿಂದ ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಚುಚ್ಚುಮದ್ದನ್ನು ಮೊದಲ ನಾಲ್ಕು ದಿನ ಊರಲ್ಲೇ ಹಾಕಿಸಿಕೊಂಡು, ನಾಲ್ಕನೇ ದಿನ ಸಿಡಿ34 ಎಣಿಕೆ (ಎಳೆಯ ರಕ್ತಕೋಶಗಳ ಮೈಮೇಲಿನ ಒಂದು ಗುರುತು ಸಿಡಿ34, ಅದನ್ನು ಹೊತ್ತ ಕೋಶಗಳ ಎಣಿಕೆ) ಮಾಡಿಸಿ, ಅದೇ ಸಂಜೆ ರೈಲು ಹತ್ತುವುದು ಎಂದಾಯಿತು. ಕಿಲೋಗೆ 10 ಮೈಕ್ರೋಗ್ರಾಂನ ಲೆಕ್ಕದಲ್ಲಿ ದಿನಕ್ಕೆ 600 ಮೈಕ್ರೋಗ್ರಾಂ, ಅಂದರೆ 300ರ ಎರಡು ಚುಚ್ಚುಮದ್ದು. ಐದನೇ ದಿನ ಬೆಳಿಗ್ಗೆ ಯಂತ್ರಕ್ಕೆ ಕೂರಿಸಿ ಕೋಶ ಸಂಗ್ರಹ.

ನಾಲ್ಕನೇ ದಿನದ ಎಣಿಕೆಯ ಮೇಲೆ ಒಂದು ನಿರ್ಧಾರ ನಿಂತಿತ್ತು. ಮೈಕ್ರೋಲೀಟರ್ ರಕ್ತದಲ್ಲಿ ಸಿಡಿ34 ಇರುವ ಕೋಶಗಳು 20ಕ್ಕಿಂತ ಹೆಚ್ಚಿದ್ದರೆ ಮರುದಿನ ನೇರವಾಗಿ ಸಂಗ್ರಹ. 10ಕ್ಕಿಂತ ಕಡಿಮೆಯಿದ್ದರೆ ಕೋಶಗಳನ್ನು ಮಜ್ಜೆಯಿಂದ ಬಿಡಿಸುವ ಪ್ಲೆರಿಕ್ಸಾಫೋರ್ ಎಂಬ ಇನ್ನೊಂದು ಔಷಧಿ ಬೇಕೇ ಬೇಕು. ನಡುವೆ ಬಂದರೆ ಕಸಿ ವೈದ್ಯರ ವಿವೇಚನೆ. ಪ್ಲೆರಿಕ್ಸಾಫೋರ್ ಅಗ್ಗದ ಔಷಧಿಯಲ್ಲ.

ಮೊದಲ ಟ್ಯೂಬನ್ನು ಬೆಳ್ಳಂಬೆಳಿಗ್ಗೆ ಶಹಾಪುರದಲ್ಲೇ ತೆಗೆದರು. ಏಪ್ರಿಲ್ ಕೊನೆಯ ವಾರ, ಜೇವರ್ಗಿ ಮೇಲಿಂದ ಬರುವ ಬಸ್ಸು, ಟ್ಯೂಬು ಐಸ್ ಪೆಟ್ಟಿಗೆಯಿಲ್ಲದೆ ಬ್ಯಾಗಿನಲ್ಲಿ. ಕಲಬುರಗಿಯ ಒಂದು ಖಾಸಗಿ ಲ್ಯಾಬ್ ಮಧ್ಯಾಹ್ನದೊಳಗೆ ವರದಿ ಕೊಟ್ಟಿತು: ಬಿಳಿರಕ್ತಕಣ 42,000, ಸಿಡಿ34 ಶೇಕಡಾ 0.12, ಅಂದರೆ ಮೈಕ್ರೋಲೀಟರಿಗೆ 50. ಮನೆಯವರು ಹಿಗ್ಗಿದರು. ಹೈದರಾಬಾದಿನ ವೈದ್ಯರು ಮಾತ್ರ ಹಿಗ್ಗಲಿಲ್ಲ. ಆರು ಸುತ್ತು ಲೆನಾಲಿಡೊಮೈಡ್ ಆದವರಿಗೆ ಬರೀ ಜಿ-ಸಿಎಸ್‌ಎಫ್‌ನಲ್ಲಿ ಐವತ್ತು ಬರುವುದು ಅಸಾಧ್ಯವಲ್ಲ, ಅಪರೂಪ. ಒಂದೊಂದು ಕೋಶವನ್ನೂ ಒಂದು ಚುಕ್ಕೆಯಾಗಿ ತೋರಿಸುವ ಚುಕ್ಕೆಚಿತ್ರ ಕಳಿಸಿ ಎಂದರು. ವರದಿಯಲ್ಲಿ ಚಿತ್ರವೇ ಇರಲಿಲ್ಲ. ಆಮೇಲೆ ಅವರು ಕಲಬುರಗಿಯಲ್ಲೇ ಇರುವ ನಮ್ಮ ಲ್ಯಾಬಿಗೆ ಫೋನ್ ಮಾಡಿದರು. ರೋಗಿ ಅಷ್ಟೊತ್ತಿಗೆ ಊರಿಂದ ಬಂದು ಕಲಬುರಗಿ ತಲುಪಿದ್ದರು. ನಾವು ಹೊಸದಾಗಿ ರಕ್ತ ತೆಗೆದೆವು. ಉಳಿದಿದ್ದ ಹಳೆಯ ಟ್ಯೂಬನ್ನೂ, ಆ ಲ್ಯಾಬಿನ ಯಂತ್ರದ ಕಚ್ಚಾ ಫೈಲನ್ನೂ ತರಿಸಿಕೊಂಡೆವು. ಕೇಳಿದ ತಕ್ಷಣ ಫೈಲು ಕೊಟ್ಟದ್ದು ಅವರ ದೊಡ್ಡತನ, ಎಲ್ಲರೂ ಕೊಡುವುದಿಲ್ಲ.

ನಮ್ಮ ಎಣಿಕೆ: 14.

ಇಪ್ಪತ್ನಾಲ್ಕು ಚುಕ್ಕೆಗಳು

ಈ ಎಣಿಕೆ ಮಾಡುವ ಯಂತ್ರ ಫ್ಲೋ ಸೈಟೋಮೀಟರ್. ಅದು ಎಣಿಸುವುದು ಚುಕ್ಕೆಗಳನ್ನು. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯವನ್ನು ರಕ್ತಕ್ಕೆ ಬೆರೆಸಿದರೆ ಅದು ಕೋಶದ ಮೈಮೇಲಿನ ತನ್ನ ಗುರುತನ್ನು ಹುಡುಕಿ ಅಂಟಿಕೊಳ್ಳುತ್ತದೆ. ಕೋಶಗಳು ಒಂದೊಂದಾಗಿ ಲೇಸರ್ ಮುಂದೆ ಹಾಯುವಾಗ ಎಷ್ಟು ಹೊಳಪು, ಎಷ್ಟು ಗಾತ್ರ, ಒಳಗೆ ಎಷ್ಟು ಕಾಳುಕಾಳು ಎಂಬುದು ದಾಖಲಾಗುತ್ತದೆ. ಒಳಗಿನ ಕಾಳುತನಕ್ಕೆ ಅನುಗುಣವಾಗಿ ಬೆಳಕು ಬದಿಗೆ ಚೆದುರುತ್ತದೆ, ಅದಕ್ಕೆ ನಾವು ಸೈಡ್ ಸ್ಕ್ಯಾಟರ್ ಅನ್ನುತ್ತೇವೆ. ಯಾವ ಚುಕ್ಕೆಗಳ ಸುತ್ತ ಗೆರೆ ಎಳೆದು ಇವು ನಮ್ಮವು ಎಂದು ಹೇಳುತ್ತೇವೋ ಅದು ಗೇಟ್. ಆ ಗೆರೆಯನ್ನು ಎಳೆಯುವವನು ಯಂತ್ರವಲ್ಲ, ಮನುಷ್ಯ.

ಆ ಲ್ಯಾಬ್ ಓಡಿಸಿದ್ದು 20,000 ಬಿಳಿಕಣಗಳನ್ನು. ಅದರ ಶೇಕಡಾ 0.12 ಎಂದರೆ 24. ಐವತ್ತು ಎಂಬ ಇಡೀ ಸಂಖ್ಯೆ ನಿಂತಿದ್ದು ಇಪ್ಪತ್ನಾಲ್ಕು ಚುಕ್ಕೆಗಳ ಮೇಲೆ. ಅಪರೂಪದ ಕೋಶಗಳ ಎಣಿಕೆಯಲ್ಲಿ ತಪ್ಪಿನ ಅಂದಾಜು ಎಣಿಸಿದ್ದರ ವರ್ಗಮೂಲದಷ್ಟಿರುತ್ತದೆ. 24ಕ್ಕೆ ಅದು ಸುಮಾರು 5, ಅಂದರೆ ಗೇಟ್ ಸರಿಯಿದ್ದರೂ ಶೇಕಡಾ ಇಪ್ಪತ್ತು ಅಲ್ಲಾಡುವ ಸಂಖ್ಯೆ. ಗೇಟ್ ಸರಿಯಿರಲಿಲ್ಲ ಎಂಬುದು ಬೇರೆ ಮಾತು. ಸಿಡಿ34 ಒಂದನ್ನೇ ನೋಡಿ, ಹೊಳೆದದ್ದನ್ನೆಲ್ಲ ಒಳಗೆ ಸೇರಿಸಿಕೊಂಡಿದ್ದರು.

1996ರಲ್ಲಿ ಬಂದ ಇಶಾಜ್ ಪದ್ಧತಿ ಇಂಥ ಗೊಂದಲವನ್ನು ಬಿಡಿಸಲೆಂದೇ ಬಂದದ್ದು. ಅದು ಒಂದೇ ಗುರುತನ್ನು ನಂಬುವುದಿಲ್ಲ. ಮೊದಲು ಸಿಡಿ45. ಎಲ್ಲ ಬಿಳಿಕಣಗಳ ಮೈಮೇಲೂ ಇರುವ ಗುರುತು ಇದು, ಇದಿಲ್ಲದ ಕಸ, ಪ್ಲೇಟ್‌ಲೆಟ್ ಚೂರು, ಕೆಂಪುಕಣದ ಅವಶೇಷ ಎಲ್ಲ ಹೊರಗೆ. ಎರಡನೆಯದು ಸಿಡಿ34. ಮೂರನೆಯದೇ ಮುಖ್ಯ: ಹಾಗೆ ಸಿಕ್ಕ ಕೋಶಗಳಲ್ಲಿ ಸಿಡಿ45 ಮಂದವಾಗಿ, ಸೈಡ್ ಸ್ಕ್ಯಾಟರ್ ಕಡಿಮೆಯಾಗಿ, ಒಂದು ಗುಂಪಾಗಿ ಕಾಣುವುವು ಯಾವುವು? ಎಳೆಯ ಕೋಶದ ಮೇಲೆ ಸಿಡಿ45 ಕಡಿಮೆ. ಒಳಗೆ ಕಾಳುಗಳಿನ್ನೂ ಹುಟ್ಟಿಲ್ಲವಾದ್ದರಿಂದ ಬೆಳಕು ಹೆಚ್ಚು ಚೆದುರುವುದಿಲ್ಲ. ಕೊನೆಗೆ ಗಾತ್ರ: ಲಿಂಫೋಸೈಟ್‌ಗಿಂತ ಚಿಕ್ಕದಿದ್ದರೆ ಅನುಮಾನಿಸು.

ಅವರ ಫೈಲಿನ ಇಪ್ಪತ್ನಾಲ್ಕನ್ನು ಈ ನಾಲ್ಕು ಮೆಟ್ಟಿಲಿನಲ್ಲಿ ಇಳಿಸಿದೆವು. ಸಿಡಿ45 ಇಲ್ಲದ 9 ಮೊದಲೇ ಬಿದ್ದವು. ಸೈಡ್ ಸ್ಕ್ಯಾಟರ್ ಜೋರಿದ್ದ 5 ಹೋದವು. ಜಿ-ಸಿಎಸ್‌ಎಫ್ ಕೊಟ್ಟಾಗ ರಕ್ತದಲ್ಲಿ ತುಂಬುವ ಎಳೆಯ ಗ್ರಾನ್ಯುಲೋಸೈಟ್‌ಗಳು ಅವು. ಅವುಗಳ ಮೈಮೇಲಿನ ಗ್ರಾಹಕಗಳು ಪ್ರತಿಕಾಯದ ಬಾಲವನ್ನೇ ಹಿಡಿದುಕೊಳ್ಳುವುದರಿಂದ ಸಿಡಿ34 ಇಲ್ಲದಿದ್ದರೂ ಹೊಳೆಯುತ್ತವೆ. ಸಿಡಿ45 ಪ್ರಖರವಾಗಿದ್ದ 3 ಪೂರ್ಣ ಬೆಳೆದ ಕೋಶಗಳು. ಉಳಿದದ್ದು 7. ಏಳನ್ನು 42,000ದಿಂದ ಲೆಕ್ಕ ಹಾಕಿದರೆ 14.7. ನಮ್ಮ ಉತ್ತರಕ್ಕೆ ಇಷ್ಟು ಹತ್ತಿರ ಬಂದದ್ದು ಕಾಕತಾಳೀಯ ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಏಳು ಚುಕ್ಕೆಯಿಂದ ಬಂದ ಸಂಖ್ಯೆ ಸುಲಭವಾಗಿ ಅರ್ಧವೂ ಆಗಬಹುದು, ದುಪ್ಪಟ್ಟೂ ಆಗಬಹುದು.

ನಮ್ಮಲ್ಲಿ ಹೊಸ ಟ್ಯೂಬನ್ನು ಬೇರೆ ರೀತಿ ಓಡಿಸಿದೆವು. ಇಶಾಜ್ ನಿಯಮ ಕನಿಷ್ಠ 75,000 ಬಿಳಿಕಣ ಮತ್ತು ಕನಿಷ್ಠ 100 ಸಿಡಿ34 ಕೋಶ ಕೇಳುತ್ತದೆ. ಕಡಿಮೆ ಎಣಿಕೆಯ ರೋಗಿಯಲ್ಲಿ ಎರಡನೆಯ ಷರತ್ತು ಮೊದಲನೆಯದನ್ನು ಎಷ್ಟೋ ಮೇಲೆ ಎಳೆಯುತ್ತದೆ. ನಾವು 3,40,000 ಬಿಳಿಕಣ ಓಡಿಸಿದಾಗ 112 ಸಿಕ್ಕವು. ರಕ್ತಕಣ ಎಣಿಸುವ ಬೇರೆ ಯಂತ್ರದ 42,000ವನ್ನು ತಂದು ಗುಣಿಸುವ ಬದಲು, ಯಂತ್ರ ಎಣಿಸಬಲ್ಲ ಸಣ್ಣ ಮಣಿಗಳು ಮೈಕ್ರೋಲೀಟರಿಗೆ 1,000 ಇರುವ ದ್ರವವನ್ನು ರಕ್ತದಷ್ಟೇ ಪ್ರಮಾಣದಲ್ಲಿ ಬೆರೆಸಿದ್ದೆವು. 8,000 ಮಣಿ ಹಾದುಹೋಗುವಷ್ಟರಲ್ಲಿ 112 ಕೋಶ: 112 ಭಾಗಿಸು 8,000, ಗುಣಿಸು 1,000, ಉತ್ತರ 14. ಎರಡು ಯಂತ್ರಗಳ ತಪ್ಪು ಒಂದರ ಮೇಲೊಂದು ಕೂರುವುದು ಇದರಿಂದ ತಪ್ಪುತ್ತದೆ. ತೊಳೆಯುವ ಹಂತವಿಲ್ಲ, ತೊಳೆದರೆ ಕೋಶ ಕಳೆದುಹೋಗುತ್ತದೆ. ಕೆಂಪುಕಣ ಒಡೆಯಲು ಅಮೋನಿಯಂ ಕ್ಲೋರೈಡ್ ಅಷ್ಟೇ.

ಬಿಸಿಲಿನ ಪಾಲು ಎಷ್ಟು? 7-ಎಎಡಿ ಎಂಬ ಬಣ್ಣ ಜೀವಂತ ಕೋಶದೊಳಗೆ ಹೋಗುವುದಿಲ್ಲ. ಸತ್ತ ಕೋಶದ ಪೊರೆ ಸಡಿಲವಾದ್ದರಿಂದ ಒಳಹೊಕ್ಕು ಡಿಎನ್‌ಎಗೆ ಅಂಟುತ್ತದೆ. ಹಳೆಯ ಟ್ಯೂಬಿನಲ್ಲಿ ಬಿಳಿಕಣಗಳ ಶೇಕಡಾ 16 ಸತ್ತಿದ್ದವು. ಅದರ ಜೀವಂತ ಸಿಡಿ34 ಎಣಿಕೆ 12 ಬಂತು. ಸತ್ತ ಕೋಶಗಳು ಸಿಕ್ಕ ಪ್ರತಿಕಾಯವನ್ನೆಲ್ಲ ಹೀರಿಕೊಂಡು ಹುಸಿಯಾಗಿ ಹೊಳೆಯುತ್ತವೆ, ಮೊದಲ ಲ್ಯಾಬ್ 7-ಎಎಡಿ ಹಾಕಿರಲಿಲ್ಲ. ಆದರೂ ತಪ್ಪನ್ನು ಕಲಬುರಗಿಯ ಬಿಸಿಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ತಂಪಿನಲ್ಲಿ ಬಂದಿದ್ದರೂ ಆ ಗೇಟ್ ಐವತ್ತರ ಹತ್ತಿರವೇ ಹೇಳುತ್ತಿತ್ತು.

ಮಗನ ಎರಡು ಪ್ರಶ್ನೆ

ರೋಗಿಯ ಮಗ ಡಿಗ್ರಿ ಮುಗಿಸಿದ ಹುಡುಗ. ತೊಗರಿ ಮಾರಿದ ದುಡ್ಡಿನ ಲೆಕ್ಕ ಅವನ ಕೈಯಲ್ಲಿತ್ತು. ಎರಡು ವರದಿ ಪಕ್ಕಪಕ್ಕ ಹಿಡಿದು ನಿಂತು ನೇರವಾಗಿಯೇ ಕೇಳಿದ:

"ಎರಡೂ ನಮ್ಮ ಅಪ್ಪಂದೇ ರಕ್ತ ಅಲ್ರಿ ಸರ್? ಒಂದರಾಗ ಐವತ್ತು ಅದ, ಒಂದರಾಗ ಹದಿನಾಲ್ಕು. ತುಟ್ಟಿ ಇಂಜೆಕ್ಷನ್ ಹಚ್ಚಲಿಕ್ಕ ಅಂತ ಕಡಿಮಿ ಬರದೀರೇನ್ರಿ?"

ಸಿಟ್ಟಾಗುವ ಪ್ರಶ್ನೆಯಲ್ಲ ಇದು. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ನಮ್ಮ ಟೆಕ್ನಿಷಿಯನ್ ಅವನನ್ನು ಕೂರಿಸಿಕೊಂಡು ಪರದೆಯ ಮೇಲೆ ಆ ಇಪ್ಪತ್ನಾಲ್ಕು ಚುಕ್ಕೆ ತೋರಿಸಿದಳು.

"ಜಾತ್ರ್ಯಾಗ ಹಳದಿ ರುಮಾಲಿನ ನಿಮ್ಮ ಮುತ್ಯಾನ್ನ ಹುಡುಕ್ಲಿಕ್ಕ ಹೋಗೀರಿ ಅಂತ ತಿಳಕೋರಿ ಅಣ್ಣಾ. ಹಳದಿ ರುಮಾಲು ಸುತ್ತಿದೋರು ಮಂದಿ ಇರ್ತಾರ. ಇವ್ರ ಕೈಯಾಗ ಕೋಲದ, ನಮ್ಮ ಮುತ್ಯಾ ಅಲ್ಲ. ಇವ್ರು ಭಾಳ ಎತ್ತರ, ಅಲ್ಲ. ಹಿಂಗ ಒಂದೊಂದೇ ಕಳೀಬೇಕು. ಅವ್ರು ರುಮಾಲು ಅಷ್ಟೇ ಎಣಿಸ್ಯಾರ."

ಹುಡುಗ ಬೆರಳಿಟ್ಟು ತಾನೇ ಎಣಿಸಿದ. ಏಳು. ಆಮೇಲೆ ನಾನು ಕಾಗದದ ಮೇಲೆ ಇನ್ನೊಂದು ಲೆಕ್ಕ ಹಾಕಿಕೊಟ್ಟೆ. ಕೋಶ ಸಂಗ್ರಹಿಸುವ ಯಂತ್ರದಲ್ಲಿ ಮೈಯ ರಕ್ತವನ್ನೇ ಮತ್ತೆ ಮತ್ತೆ ಸುತ್ತಿಸಿ ಒಟ್ಟು ಸುಮಾರು 12 ಲೀಟರ್ ಹಾಯಿಸುತ್ತಾರೆ, ಹಾದುಹೋದ ಸಿಡಿ34 ಕೋಶಗಳಲ್ಲಿ ನೂರಕ್ಕೆ 43ರಷ್ಟು ಚೀಲಕ್ಕೆ ಬೀಳುತ್ತವೆ ಎಂದುಕೊಳ್ಳೋಣ. ಎಣಿಕೆ ನಿಜಕ್ಕೂ 50 ಇದ್ದರೆ 58 ಕಿಲೋ ತೂಕದವರಿಗೆ ಕಿಲೋಗೆ ಸುಮಾರು 44 ಲಕ್ಷ ಕೋಶ ಸಿಗುತ್ತದೆ. 14 ಇದ್ದರೆ 12 ಲಕ್ಷ ಚಿಲ್ಲರೆ. ಕಸಿಗೆ ಬೇಕಾದ ಕನಿಷ್ಠ 20 ಲಕ್ಷ. ಐವತ್ತನ್ನು ನಂಬಿ ಔಷಧಿ ಉಳಿಸಿದ್ದರೆ ಮೊದಲ ದಿನದ ಸಂಗ್ರಹ ಸೋಲುತ್ತಿತ್ತು. ಮತ್ತೊಂದು ದಿನ ಯಂತ್ರ, ಮತ್ತೊಂದು ಕಿಟ್, ಮತ್ತೆ ಹೈದರಾಬಾದಿನ ಬಾಡಿಗೆ, ಕೊನೆಗೆ ಅದೇ ಪ್ಲೆರಿಕ್ಸಾಫೋರ್.

ಅವನಿಗೆ ಲೆಕ್ಕ ಒಪ್ಪಿಗೆಯಾಯಿತು. ಎದ್ದು ಹೊರಟವನು ಬಾಗಿಲ ಹತ್ತಿರ ನಿಂತು ಇನ್ನೊಂದು ಕೇಳಿದ: "ಹಂಗಾದ್ರ ಈ ಏಳರಾಗ ಖರೇ ಸ್ಟೆಮ್ ಸೆಲ್ ಯಾವ್ದ್ರಿ ಸರ್?"

ಬಹುಶಃ ಒಂದೂ ಅಲ್ಲ. ಈ ಉತ್ತರವನ್ನು ವರದಿಯಲ್ಲಿ ಬರೆಯುವ ರೂಢಿಯಿಲ್ಲ, ಬರೆದಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು ಅನಿಸುತ್ತದೆ.

ಸಿಡಿ34 ಸ್ಟೆಮ್ ಸೆಲ್‌ನ ಸ್ವಂತ ಗುರುತಲ್ಲ. 1984ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕರ್ಟ್ ಸಿವಿನ್ ತಂಡ ಕೆಜಿ-1ಎ ಎಂಬ ಲ್ಯೂಕೀಮಿಯಾ ಕೋಶಗಳನ್ನು ಇಲಿಗೆ ಚುಚ್ಚಿ ಪಡೆದ ಪ್ರತಿಕಾಯದಿಂದ ಇದು ಪತ್ತೆಯಾಯಿತು. ಆಗ ಅದಕ್ಕೆ ಮೈ-10 ಎಂದು ಕರೆದರು. ಮಜ್ಜೆಯ ಕೋಶಗಳಲ್ಲಿ ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ ಇದನ್ನು ಹೊತ್ತಿರುತ್ತವೆ, ಅವು ಎಳೆಯವು. 1988ರಲ್ಲಿ ವಿಕಿರಣದಿಂದ ಮಜ್ಜೆ ಕಳೆದುಕೊಂಡ ಬಬೂನ್ ಕೋತಿಗಳಿಗೆ ಸಿಡಿ34 ಇರುವ ಕೋಶಗಳನ್ನಷ್ಟೇ ಆರಿಸಿ ಕೊಟ್ಟಾಗ ರಕ್ತ ಮತ್ತೆ ಹುಟ್ಟಿತು. ಅಂದರೆ ಸ್ಟೆಮ್ ಸೆಲ್ ಈ ಗುಂಪಿನೊಳಗೆ ಇದೆ. ಗುಂಪೆಲ್ಲ ಸ್ಟೆಮ್ ಸೆಲ್ ಎಂದೇನೂ ಆಗ ಸಾಬೀತಾಗಲಿಲ್ಲ. ಗುಂಪಿನ ಬಹುಪಾಲು ಈಗಾಗಲೇ ಒಂದು ದಾರಿ ಹಿಡಿದ ಕೋಶಗಳು: ಇದು ಮುಂದೆ ಕೆಂಪುಕಣ, ಇದು ನ್ಯೂಟ್ರೋಫಿಲ್, ಇದು ಬಿ ಕೋಶ. ರಕ್ತನಾಳದ ಒಳಪದರದ ಕೋಶಗಳ ಮೇಲೂ ಸಿಡಿ34 ಇದೆ, ಅವು ರಕ್ತ ಹುಟ್ಟಿಸುವುದಿಲ್ಲ.

ಆದ್ದರಿಂದ ಸಂಶೋಧಕರು ಕಳೆಯುತ್ತಾ ಹೋದರು. ಬೆಳೆದ ಕೋಶಗಳ ಗುರುತುಗಳು ಯಾವುದೂ ಇರಬಾರದು. 1991ರ ಹೊತ್ತಿಗೆ ಸಿಡಿ38 ಇಲ್ಲದ ಅಥವಾ ತೀರಾ ಕಡಿಮೆಯಿರುವ ಕೋಶಗಳೇ ಹೆಚ್ಚು ಎಳೆಯವೆಂದು ಕಂಡಿತು. 1992ರಲ್ಲಿ ಸಿಡಿ90 ಇರಬೇಕು ಎಂಬುದು ಸೇರಿತು. ಸ್ಟ್ಯಾನ್‌ಫರ್ಡ್‌ನ ಇರ್ವಿಂಗ್ ವೈಸ್‌ಮನ್ ಬಳಗ 2007ರಲ್ಲಿ ಸಿಡಿ45ಆರ್‌ಎ ಇಲ್ಲದಿರುವುದನ್ನೂ ಸೇರಿಸಿ, ಸಿಡಿ90 ಇದ್ದರೆ ಸ್ಟೆಮ್ ಸೆಲ್, ಅದೂ ಇಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗಿನ ಬಹುಮುಖಿ ಕೋಶ ಎಂದು ವಿಂಗಡಿಸಿತು. ಟೊರಾಂಟೊದ ಜಾನ್ ಡಿಕ್ ತಂಡ 2011ರಲ್ಲಿ ಸಿಡಿ49ಎಫ್ ಎಂಬ ಗುರುತು ಹಿಡಿದು, ಅದನ್ನು ಹೊತ್ತ ಒಂದೇ ಒಂದು ಮಾನವ ಕೋಶದಿಂದ ಇಲಿಯಲ್ಲಿ ಬಹುಕಾಲ ಬಾಳುವ ಬಹುವಿಧದ ರಕ್ತಕಣಗಳನ್ನು ಬೆಳೆಸಿ ತೋರಿಸಿತು. ಇಷ್ಟು ವರ್ಷಗಳ ಈ ಜರಡಿಯಲ್ಲಿ ಬದಲಾಗದೆ ಉಳಿದದ್ದು ಒಂದೇ ಪರೀಕ್ಷೆ. ಖಾಲಿಯಾದ ಮಜ್ಜೆಗೆ ಹಾಕಿದರೆ ಎಲ್ಲ ಬಗೆಯ ರಕ್ತ ಹುಟ್ಟಬೇಕು, ಬಹುಕಾಲ ಹುಟ್ಟುತ್ತಲೇ ಇರಬೇಕು. 1961ರಲ್ಲಿ ಟೊರಾಂಟೊದಲ್ಲಿ ಟಿಲ್ ಮತ್ತು ಮೆಕಲಕ್ ಇಲಿಯ ಗುಲ್ಮದ ಮೇಲೆ ಗಂಟುಗಳನ್ನು ಎಣಿಸಿದಾಗಿನಿಂದ ನಡೆದು ಬಂದಿರುವುದು ಇದೇ ನ್ಯಾಯ. ಮೈಮೇಲಿನ ಗುರುತುಗಳೆಲ್ಲ ಆ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ಆರಿಸುವ ಸಾಧನ ಮಾತ್ರ.

ಇಲಿಯಲ್ಲಿ ಕಲಿತದ್ದು ಮನುಷ್ಯನಿಗೆ ಹಾಗೇ ಒಗ್ಗುವುದೂ ಇಲ್ಲ. ಇಲಿಯ ನಿಜವಾದ ದೀರ್ಘಾಯುಷಿ ಸ್ಟೆಮ್ ಸೆಲ್‌ನ ಮೇಲೆ ಸಿಡಿ34 ಇಲ್ಲ ಅಥವಾ ತೀರಾ ಕಡಿಮೆ ಎಂದು 1996ರಲ್ಲಿ ಜಪಾನಿನ ತಂಡವೊಂದು ತೋರಿಸಿತು. ಇಲಿಯಲ್ಲಿ ಚೆನ್ನಾಗಿ ಕೆಲಸ ಮಾಡುವ ಸಿಡಿ150 ಮನುಷ್ಯರಲ್ಲಿ ಕೈಕೊಡುತ್ತದೆ. ಮನುಷ್ಯರಲ್ಲೂ ಸಿಡಿ34 ಇಲ್ಲದ ಒಂದು ಅಪರೂಪದ ಸ್ಟೆಮ್ ಸೆಲ್ ಗುಂಪು ಇದೆಯೆಂದು 1998ರಲ್ಲಿ ವರದಿಯಾಯಿತು.

ಅಪರೂಪ ಎಂದರೆ ಎಷ್ಟು? ಹೊಕ್ಕುಳಬಳ್ಳಿ ರಕ್ತದ ಸಿಡಿ34 ಇರುವ, ಸಿಡಿ38 ಇಲ್ಲದ ಕೋಶಗಳಲ್ಲಿ 617ಕ್ಕೆ ಒಂದು ಮಾತ್ರ ಇಲಿಯಲ್ಲಿ ಬೇರೂರುತ್ತದೆ ಎಂದು 1997ರಲ್ಲಿ ಲೆಕ್ಕ ಸಿಕ್ಕಿತು. ಸಿಡಿ38 ನೋಡದೆ ಬರೀ ಸಿಡಿ34 ತೆಗೆದುಕೊಂಡರೆ ಪ್ರಮಾಣ ಇನ್ನೂ ಕಡಿಮೆ. ಆ ಹುಡುಗನ ಏಳು ಚುಕ್ಕೆಯಲ್ಲಿ, ಅಷ್ಟೇ ಏಕೆ, ನಮ್ಮ 112ರಲ್ಲೂ ಒಂದಿತ್ತೆಂದು ಆಣೆ ಮಾಡಲಾರೆ.

ಹಾಗಾದರೆ ಆಸ್ಪತ್ರೆಗಳು ಸಿಡಿ38, ಸಿಡಿ90 ಎಲ್ಲ ಸೇರಿಸಿ ಖರೇದನ್ನೇ ಯಾಕೆ ಎಣಿಸುವುದಿಲ್ಲ? ಸಿಡಿ38 ಇದೆ ಅಥವಾ ಇಲ್ಲ ಎಂದು ಎರಡು ಹೋಳಾಗಿ ಕಾಣುವುದಿಲ್ಲ, ಹೆಚ್ಚಿನಿಂದ ಕಡಿಮೆಗೆ ಬಿಡುವಿಲ್ಲದೆ ಇಳಿಯುತ್ತದೆ. ಎಲ್ಲಿ ಕತ್ತರಿಸಬೇಕೆಂಬುದರಲ್ಲಿ ಇಬ್ಬರು ಒಪ್ಪುವುದು ಕಷ್ಟ. ಸಿಡಿ34 ಒಂದರ ಗೇಟಿಗೇ ಇಷ್ಟು ರಾದ್ಧಾಂತ ಆಗಿರುವಾಗ ಸಂಜೆಯೊಳಗೆ ಉತ್ತರ ಕೊಡಬೇಕಾದ ಲ್ಯಾಬಿನಲ್ಲಿ ಇದನ್ನು ತರುವುದು ತೊಂದರೆ ಆಹ್ವಾನಿಸಿದಂತೆ. ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಕಸಿಯಾದ ಮೊದಲ ಎರಡು ವಾರ ರೋಗಿಯನ್ನು ಸೋಂಕಿನಿಂದ ಉಳಿಸುವವು ಆ ದಾರಿ ಹಿಡಿದ ಕೋಶಗಳೇ. ನಿಜವಾದ ಸ್ಟೆಮ್ ಸೆಲ್ ನಿಧಾನ. ಸಿಡಿ34 ಎಂಬ ದೊಡ್ಡ ಬಲೆಯಲ್ಲಿ ಎರಡೂ ಬೀಳುತ್ತವೆ, ಅದಕ್ಕೇ ಕಿಲೋಗೆ ಇಷ್ಟು ಲಕ್ಷ ಎಂಬ ಸಂಖ್ಯೆಗೂ ರಕ್ತ ಮರಳುವ ದಿನಕ್ಕೂ ಹೊಂದಿಕೆ ಕಾಣುತ್ತದೆ. ನಾವು ಎಣಿಸುವುದು ಸ್ಟೆಮ್ ಸೆಲ್ ಅಲ್ಲ, ಕಸಿ ಹಿಡಿಯುವ ಸಾಧ್ಯತೆ.

ಮುಂದೆ ಆದದ್ದು

14 ನಡುವಿನ ಸಂಖ್ಯೆ. ಹೈದರಾಬಾದಿನ ವೈದ್ಯರು ಹೆಚ್ಚು ಯೋಚಿಸಲಿಲ್ಲ. ರೋಗಿ ಸಂಜೆಯ ರೈಲಿನಲ್ಲಿ ಹೋದರು, ರಾತ್ರಿ ಹತ್ತರ ಹೊತ್ತಿಗೆ ಪ್ಲೆರಿಕ್ಸಾಫೋರ್ ಹಾಕಿದರು. ಸಂಗ್ರಹಕ್ಕೆ ಸುಮಾರು 11 ಗಂಟೆ ಮುಂಚೆ ಕೊಡುವುದು ಇದರ ಕ್ರಮ. ಕಿಲೋಗೆ 0.24 ಮಿಲಿಗ್ರಾಂ, ಇವರ ತೂಕಕ್ಕೆ 24 ಮಿಲಿಗ್ರಾಂನ ಒಂದೇ ವಯಲ್ ಧಾರಾಳ. ಸ್ಟೆಮ್ ಸೆಲ್‌ಗಳ ಮೇಲಿನ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕ ಮಜ್ಜೆಯ ಸಿಎಕ್ಸ್‌ಸಿಎಲ್12 ಅಣುವನ್ನು ಹಿಡಿದುಕೊಂಡಿರುತ್ತದೆ. ಈ ಔಷಧಿ ಆ ಹಿಡಿತ ಬಿಡಿಸುತ್ತದೆ, ಕೋಶಗಳು ರಕ್ತಕ್ಕೆ ಬರುತ್ತವೆ.

ಐದನೇ ದಿನ ಬೆಳಗಿನ ಎಣಿಕೆ 52. ಒಂದೇ ಸಲದ ಸಂಗ್ರಹದಲ್ಲಿ ಒಟ್ಟು 26.7 ಕೋಟಿ ಸಿಡಿ34 ಕೋಶ, ಅಂದರೆ ಕಿಲೋಗೆ 46 ಲಕ್ಷ. ಚೀಲವನ್ನು ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲಿಟ್ಟು, ಮೆಲ್ಫಲಾನ್ ಕೊಟ್ಟ ಮರುದಿನ ರೋಗಿಗೆ ಬಿಟ್ಟರು. ಬಿಡುವ ಮುನ್ನ 7-ಎಎಡಿ ಮತ್ತೆ ಹಾಕಿ ನೋಡಿದಾಗ ಶೇಕಡಾ 93 ಜೀವಂತ. ಹನ್ನೊಂದನೇ ದಿನ ನ್ಯೂಟ್ರೋಫಿಲ್ 500 ದಾಟಿತು, ಹದಿಮೂರನೇ ದಿನ ಪ್ಲೇಟ್‌ಲೆಟ್ 20,000 ದಾಟಿತು.

ಆ ಖಾಸಗಿ ಲ್ಯಾಬಿನ ಟೆಕ್ನಿಷಿಯನ್‌ಗಳು ಆಮೇಲೆ ನಮ್ಮಲ್ಲಿಗೆ ಬಂದು ಗೇಟ್ ಹಾಕುವುದನ್ನು ಕೂತು ಕಲಿತರು. ಈಗ ಅವರ ವರದಿಯಲ್ಲೂ ನಮ್ಮದರಲ್ಲೂ ಚುಕ್ಕೆಚಿತ್ರ ಇರುತ್ತದೆ, ಅದರ ಕೆಳಗೆ ಎಷ್ಟು ಬಿಳಿಕಣ ಓಡಿಸಿ ಎಷ್ಟು ಸಿಡಿ34 ಎಣಿಸಿದೆವು ಎಂಬ ಎರಡು ಸಂಖ್ಯೆ ಇರುತ್ತವೆ. ವರದಿ ಕೈಗೆ ಬಂದರೆ ಯಾರಾದರೂ ಮೊದಲು ನೋಡಬೇಕಾದದ್ದು ಆ ಎರಡನೇ ಸಂಖ್ಯೆಯನ್ನು. ನೂರಕ್ಕಿಂತ ಕಡಿಮೆಯಿದ್ದರೆ ಯಾಕೆಂದು ಕೇಳಬೇಕು. ಊರಿಂದ ಬರುವ ಟ್ಯೂಬಿಗೆ ತಂಪು ಪೆಟ್ಟಿಗೆ, ರಕ್ತ ತೆಗೆದ ಹೊತ್ತು ಬರೆದ ಚೀಟಿ ಕಡ್ಡಾಯವಾಗಿದೆ.

ಅರ್ಜಿಯ ನಮೂನೆಯಲ್ಲಿ ಎರಡು ಹೊಸ ಕಾಲಂ ಸೇರಿಸಿದ್ದೇವೆ. ಲೆನಾಲಿಡೊಮೈಡ್ ಎಷ್ಟು ಸುತ್ತು ಎಂಬುದು ಒಂದು. ಡಾರಾಟುಮುಮಾಬ್ ಕೊಟ್ಟಿದ್ದಾರೆಯೇ ಎಂಬುದು ಇನ್ನೊಂದು. ಮೈಲೋಮಾ ಕೋಶದ ಮೇಲೆ ದಟ್ಟವಾಗಿರುವ ಸಿಡಿ38ಕ್ಕೆ ಅಂಟುವ ಔಷಧಿ ಅದು. ಅದನ್ನು ಪಡೆದವರಲ್ಲಿ ಸಿಡಿ38 ಮುಚ್ಚಿಹೋಗಿ ನಮ್ಮ ಪ್ರತಿಕಾಯಕ್ಕೆ ಸಿಗುವುದಿಲ್ಲ, ಕೆಂಪುಕಣದ ಮೇಲೂ ಸ್ವಲ್ಪ ಸಿಡಿ38 ಇರುವುದರಿಂದ ರಕ್ತ ಹೊಂದಿಸುವ ಪರೀಕ್ಷೆ ಕೂಡ ಕೆಡುತ್ತದೆ. ಸಿಡಿ34 ಮತ್ತು ಸಿಡಿ45ರ ಎಣಿಕೆ ಇದರಿಂದ ಕೆಡುವುದಿಲ್ಲ. ಆದರೆ ಇಂಥವರಲ್ಲಿ ಸಂಗ್ರಹ ಕಡಿಮೆ ಬರುವುದುಂಟು, ಆದ್ದರಿಂದ ಆ ಕಾಲಂನಲ್ಲಿ ಹೌದು ಎಂದಿದ್ದರೆ ನಾಲ್ಕನೇ ದಿನದವರೆಗೆ ಕಾಯದೆ ಪ್ಲೆರಿಕ್ಸಾಫೋರ್ ಮುಂಚೆಯೇ ತರಿಸಿಡಿ ಎಂದು ಹೈದರಾಬಾದಿಗೆ ಫೋನ್ ಹೋಗುತ್ತದೆ.